ಸಿಕಲ್‌ ಸೆಲ್‌ ರೋಗವನ್ನು ಹಿಡಿದು ಆಣ್ವಿಕ ಜೀವವಿಜ್ಞಾನ ಕಲಿಯುವ ಬಗೆ

ಮೈಸೂರಿನಲ್ಲಿ ಎಂಬಿಬಿಎಸ್‌ ಮೊದಲ ವರ್ಷಕ್ಕೆ ಸೇರಿದವರು ಕೋಡಾನ್‌ (ಪ್ರೋಟೀನಿನ ಘಟಕವಾದ ಒಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರಕ್ಷರದ ಸಂಕೇತ) ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ, ಇದೇ ಜಿಲ್ಲೆಯ ಎಚ್‌.ಡಿ. ಕೋಟೆಯ ಬುಡಕಟ್ಟು ಹಾಡಿಗಳಲ್ಲಿಯೂ ಕಂಡುಬರುವ ಸಿಕಲ್‌ ಸೆಲ್‌ ರಕ್ತಹೀನತೆಯನ್ನು ಹಿಡಿದು ಕಲಿಯುವುದು ಮೇಲು. ಮೊದಲು, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್‌ ಪ್ರೋಟೀನಿನ ಒಂದು ಸರಪಳಿಯಾದ ಬೀಟಾ ಗ್ಲೋಬಿನ್‌ ಜೀನಿನ ಜಿಎಜಿ ಎಂಬ ಕೋಡಾನನ್ನು ಹಾಳೆಯ ಮೇಲೆ ಬರೆದು, ನಡುವಿನ ಎ ಅಳಿಸಿ ಟಿ ಎಂದು ತಿದ್ದಿರಿ. ಎಂಆರ್‌ಎನ್‌ಎಯಲ್ಲಿ (ಜೀನಿನ ಸಂದೇಶದ ನಕಲಿನಲ್ಲಿ) ಟಿ ಬದಲು ಯು ಇರುವುದರಿಂದ ಅದು ಜಿಯುಜಿ ಆಗುತ್ತದೆ. ರೈಬೋಸೋಮ್‌ (ಜೀವಕೋಶದಲ್ಲಿ ಪ್ರೋಟೀನು ಕಟ್ಟುವ ಯಂತ್ರ) ಅದನ್ನು ಓದಿ, ಸರಪಳಿಯ 6ನೇ ಸ್ಥಾನದಲ್ಲಿ ಗ್ಲುಟಾಮಿಕ್‌ ಆಮ್ಲದ ಬದಲು ವ್ಯಾಲಿನ್‌ ಜೋಡಿಸುತ್ತದೆ. ಇಲ್ಲಿ ಅವಸರ ಬೇಡ. ಗ್ಲುಟಾಮಿಕ್‌ ಆಮ್ಲ ಋಣಾವೇಶ ಹೊತ್ತು ನೀರಿಗೆ ಒಗ್ಗುತ್ತದೆ, ವ್ಯಾಲಿನ್‌ ಒಗ್ಗುವುದಿಲ್ಲ. ಆದ್ದರಿಂದಲೇ ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗಿ, ಕೆಂಪು ರಕ್ತಕಣವನ್ನು ಕುಡುಗೋಲಿನಂತೆ ಬಾಗಿಸುತ್ತವೆ. ಇಷ್ಟನ್ನು ಪುಸ್ತಕ ನೋಡದೆ ಬರೆಯಲು ಬಂದ ಮೇಲೆ, ರೋಗಶಾಸ್ತ್ರ ವಿಭಾಗದಲ್ಲಿ ರಕ್ತಲೇಪದ ಸ್ಲೈಡ್‌ ಕೇಳಿ ಪಡೆದು, ಎಣ್ಣೆಯ ಹನಿ ಹಾಕಿ 100ಎಕ್ಸ್‌ ಮಸೂರದಡಿ ಬಾಗಿದ ಕಣಗಳನ್ನು ಗುರುತಿಸಿರಿ.