ನಾಯಿ ಅಥವಾ ಬೆಕ್ಕಿನ ಮರಿ ತರುವ ಮುಂಚೆ ಖರ್ಚಿನ ಲೆಕ್ಕ ಹಾಕುವುದು ಹೇಗೆ?

ಮರಿ ಎಷ್ಟಕ್ಕೆ ಸಿಕ್ಕಿತು ಅಂತ ಎಲ್ಲರೂ ಕೇಳುತ್ತಾರೆ. ಬೆಳೆದ ಮೇಲೆ ಎಷ್ಟು ಕಿಲೋ ತೂಗುತ್ತದೆ ಅಂತ ಕೇಳುವವರು ಕಡಿಮೆ. ಆದರೆ ಲೆಕ್ಕ ಶುರುವಾಗಬೇಕಾದದ್ದು ಅಲ್ಲಿಂದಲೇ. ಊಟ, ಜಂತುಹುಳುವಿನ ಮಾತ್ರೆ, ಉಣ್ಣೆ ಹುಳು–ಚಿಗಟದ ಔಷಧಿ, ಆಪರೇಷನ್‌ಗೆ ಕೊಡುವ ಅರಿವಳಿಕೆ, ಎಲ್ಲವೂ ತೂಕ ನೋಡಿಯೇ ಕೊಡುವಂಥವು. ಮರಿ ಪುಕ್ಕಟೆ ಸಿಗಬಹುದು, 30 ಕಿಲೋ ನಾಯಿಯ ಹೊಟ್ಟೆ ಪುಕ್ಕಟೆ ತುಂಬುವುದಿಲ್ಲ.

1. ತೂಕ ಮತ್ತು ವರ್ಷ ಬರೆದುಕೊಳ್ಳಿ

ಹಾಳೆಯ ಮೇಲೆ ಮೊದಲು ಎರಡು ಅಂಕಿ ಬರೆಯಿರಿ: ಬೆಳೆದ ಮೇಲಿನ ತೂಕ, ಬದುಕುವ ವರ್ಷ. ನಾಯಿಗಳು ಸಾಮಾನ್ಯವಾಗಿ 10ರಿಂದ 13 ವರ್ಷ ಬದುಕುತ್ತವೆ. ತೀರಾ ದೊಡ್ಡ ತಳಿಗಳ ಆಯಸ್ಸು ಇನ್ನೂ ಕಡಿಮೆ. ಮನೆಯೊಳಗೇ ಇರುವ ಬೆಕ್ಕು 15 ದಾಟುವುದು ಅಪರೂಪವೇನಲ್ಲ. ಮರಿ ನೋಡಿ ತೂಕ ಊಹಿಸುವುದು ಕಷ್ಟ ಅನಿಸಿದರೆ, ಬೆಳೆದ ಪ್ರಾಣಿಯನ್ನೇ ದತ್ತು ತನ್ನಿ. ಅದರ ತೂಕ, ಸ್ವಭಾವ ಎರಡೂ ಕಣ್ಣೆದುರಿಗೇ ಇರುತ್ತವೆ.

ತಳಿಯನ್ನೂ ನೋಡಬೇಕು. ಪಗ್, ಫ್ರೆಂಚ್ ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಉಸಿರಾಟದ ತೊಂದರೆ ಜಾಸ್ತಿ. ಜರ್ಮನ್ ಶೆಫರ್ಡ್‌ಗೆ ಸೊಂಟದ ಕೀಲಿನ ಸಮಸ್ಯೆ. ಪರ್ಷಿಯನ್ ಬೆಕ್ಕಿನ ಕೂದಲಿಗೆ ದಿನಾ ಬಾಚಣಿಗೆ ಬೇಕು. ಮುದ್ದು ಮುಖಕ್ಕೂ ಬಿಲ್ ಇರುತ್ತದೆ.

2. ಊಟವನ್ನು ಗ್ರಾಂನಲ್ಲಿ ಲೆಕ್ಕ ಹಾಕಿ

ತಿಂಗಳಾ ಬರುವ ದೊಡ್ಡ ಖರ್ಚು ಇದೇ. ಜನ ಸುಮ್ನೆ ಅಂದಾಜು ಮಾಡುವುದೂ ಇದನ್ನೇ. ಪಶುವೈದ್ಯರು ಬಳಸುವ ಒಂದು ಸುಲಭ ಸೂತ್ರ ಇದೆ. ಪ್ರಾಣಿಯ ತೂಕವನ್ನು 30ರಿಂದ ಗುಣಿಸಿ, 70 ಕೂಡಿಸಿ. ಸುಮ್ಮನೆ ಮಲಗಿದ್ದರೂ ದಿನಕ್ಕೆ ಅಷ್ಟು ಕಿಲೋಕ್ಯಾಲೊರಿ ಬೇಕು. ಸಂತಾನಹರಣ ಆಪರೇಷನ್ ಆದ, ಬೆಳೆದ ನಾಯಿಯಾದರೆ ಅದನ್ನು 1.6ರಿಂದ ಗುಣಿಸಿ, ಬೆಕ್ಕಾದರೆ 1.2ರಿಂದ.

10 ಕಿಲೋ ನಾಯಿಯನ್ನು ತೆಗೆದುಕೊಳ್ಳಿ. 300ಕ್ಕೆ 70 ಸೇರಿ 370. ಅದರ 1.6 ಪಟ್ಟು ಅಂದರೆ ಹತ್ತಿರ ಹತ್ತಿರ 600. ಒಣ ಆಹಾರದ ಚೀಲದ ಹಿಂದೆ ಕಿಲೋಗೆ 3,500 ಕಿಲೋಕ್ಯಾಲೊರಿ ಅಂತ ಇದ್ದರೆ, ದಿನಕ್ಕೆ ಸುಮಾರು 170 ಗ್ರಾಂ ಸಾಕು. ತಿಂಗಳಿಗೆ 5 ಕಿಲೋ ಚಿಲ್ಲರೆ. ಅದೇ 30 ಕಿಲೋ ನಾಯಿಗೆ 13 ಕಿಲೋ ದಾಟುತ್ತದೆ. 4 ಕಿಲೋ ಬೆಕ್ಕಿಗೆ ಎರಡು ಕಿಲೋ ಹತ್ತಿರ ಸಾಕು. ಬೆಳೆಯುವ ಮರಿಗೆ, ಓಡಾಟ ಜಾಸ್ತಿ ಇರುವ ನಾಯಿಗೆ ಇದಕ್ಕಿಂತ ಹೆಚ್ಚೇ ಬೇಕು. ಇದು ಬಜೆಟ್‌ಗೆ ಸಾಕಾಗುವ ಅಂದಾಜು. ತಟ್ಟೆಗೆ ಎಷ್ಟು ಹಾಕಬೇಕು ಅನ್ನುವುದನ್ನು ವೈದ್ಯರು ಮೈಕಟ್ಟು ನೋಡಿ ಹೇಳುತ್ತಾರೆ.

ಈ ಲೆಕ್ಕದಿಂದ ಇನ್ನೊಂದು ಲಾಭ ಇದೆ. ಚೀಲದ ಬೆಲೆಯನ್ನು ಕಿಲೋ ಲೆಕ್ಕದಲ್ಲಿ ಹೋಲಿಸಬೇಡಿ, 1,000 ಕಿಲೋಕ್ಯಾಲೊರಿಗೆ ಎಷ್ಟು ಬೀಳುತ್ತದೆ ನೋಡಿ. ಡಬ್ಬಿಯ ಹಸಿ ಆಹಾರದಲ್ಲಿ ಮುಕ್ಕಾಲು ಭಾಗ ನೀರೇ ಇರುತ್ತದೆ. ಮನೆಯ ಊಟದಲ್ಲಿ ಮಿಕ್ಕಿದ್ದು ಹಾಕಿದರಾಯ್ತು ಅನ್ನುವವರು ಬೆಕ್ಕಿನ ವಿಷಯದಲ್ಲಂತೂ ಆ ಯೋಚನೆ ಬಿಡುವುದು ಒಳ್ಳೆಯದು. ಅದಕ್ಕೆ ಬೇಕಾದ ಟಾರಿನ್ ಅನ್ನುವ ಅಂಶ ಮಾಂಸ, ಮೀನಿನಲ್ಲಿರುತ್ತದೆ, ಸಸ್ಯಾಹಾರದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದು ಸಾಲದೇ ಹೋದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ.

3. ಮೊದಲ ವರ್ಷಕ್ಕೆ ಬೇರೆ ಕಾಲಂ

ಮರಿಗೆ 6ರಿಂದ 8 ವಾರಕ್ಕೆ ಲಸಿಕೆ ಶುರು. ಆಮೇಲೆ 16 ವಾರ ತುಂಬುವವರೆಗೆ ಮೂರು–ನಾಲ್ಕು ವಾರಕ್ಕೊಮ್ಮೆ. ಸುಮಾರು 12 ವಾರದ ನಂತರ ರೇಬೀಸ್, ವರ್ಷಕ್ಕೆ ಬೂಸ್ಟರ್. ಮಧ್ಯೆ ಮಧ್ಯೆ ಜಂತುಹುಳುವಿನ ಔಷಧಿ. ಕ್ಲಿನಿಕ್‌ಗೆ ಫೋನ್ ಮಾಡಿ ಇಡೀ ವರ್ಷದ ಪಟ್ಟಿಯನ್ನು, ವೈದ್ಯರ ಫೀಸ್ ಸೇರಿಸಿ, ಒಂದೇ ಸಲ ಕೇಳಿಬಿಡಿ. ಸಂತಾನಹರಣದ ಖರ್ಚೂ ಇಲ್ಲೇ ಬರಲಿ. ಹೆಣ್ಣು ನಾಯಿಗೆ ಅದನ್ನು ಮಾಡಿಸದಿದ್ದರೆ ಮುಂದೆ ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯ ಇದೆ. ಆಗಲೂ ಅದೇ ಗರ್ಭಕೋಶ ತೆಗೆಯಬೇಕು, ಆದರೆ ಕಾಯಿಲೆ ಬಿದ್ದ ಪ್ರಾಣಿಗೆ, ತುರ್ತಾಗಿ, ಜಾಸ್ತಿ ದುಡ್ಡಿಗೆ.

ಬಟ್ಟಲು, ಕುತ್ತಿಗೆ ಪಟ್ಟಿ, ಹಾಸಿಗೆಗೆ ತಲೆ ಕೆಡಿಸಿಕೊಳ್ಳಬೇಡಿ. ಮರಿಯ ಹಾಸಿಗೆಗಂತೂ ಹಳೆ ಬೆಡ್‌ಶೀಟೇ ಸರಿ, ಹೇಗಿದ್ದರೂ ಹರಿದು ಹಾಕುತ್ತದೆ.

4. ಮರೆತುಹೋಗುವ ಖರ್ಚು

ಊರಿಗೆ ಹೋದಾಗ ನೋಡಿಕೊಳ್ಳುವವರು ಯಾರು? ವರ್ಷಕ್ಕೆ ಎಷ್ಟು ದಿನ ಹೊರಗಿರುತ್ತೀರಿ ಎಣಿಸಿ, ಬೋರ್ಡಿಂಗ್‌ನ ದಿನದ ದರದಿಂದ ಗುಣಿಸಿ. ಎಷ್ಟೋ ಮನೆಗಳಲ್ಲಿ ಇದು ಲಸಿಕೆಯ ಖರ್ಚನ್ನೂ ಮೀರುತ್ತದೆ. ಬೆಕ್ಕಿದ್ದರೆ, ಅದು ಮಲ–ಮೂತ್ರ ಮಾಡುವ ಟ್ರೇಗೆ ಹಾಕುವ ಲಿಟರ್ ಮರಳು. ಬೆಕ್ಕಿನ ಸಂಖ್ಯೆಗಿಂತ ಒಂದು ಟ್ರೇ ಜಾಸ್ತಿ ಇಡಿ ಅಂತ ವೈದ್ಯರು ಹೇಳುತ್ತಾರೆ. ಬಾಡಿಗೆ ಮನೆಯಾದರೆ ಮಾಲೀಕರನ್ನು ಈಗಲೇ ಕೇಳಿ. ಚಪ್ಪಲಿಗೂ ಒಂದಿಷ್ಟು ತೆಗೆದಿಡಿ!

5. ತುರ್ತು ನಿಧಿ

ಗಂಡು ಬೆಕ್ಕು ಟ್ರೇಗೆ ಮತ್ತೆ ಮತ್ತೆ ಹೋಗಿ ಕೂತು ತಿಣುಕುತ್ತಿದೆ, ಒಂದು ಹನಿಯೂ ಬರುತ್ತಿಲ್ಲ ಅಂದರೆ ಮೂತ್ರನಾಳ ಕಟ್ಟಿರಬಹುದು. ಬೆಳಗಾಗಲಿ ಅಂತ ಕಾಯುವಂತಿಲ್ಲ, ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು. ಆ ಹೊತ್ತಿನಲ್ಲಿ ದುಡ್ಡು ಹೊಂದಿಸುತ್ತಾ ಕೂರಲು ಆಗುತ್ತದಾ?

ನಿಧಿ ಎಷ್ಟಿರಬೇಕು ಅನ್ನುವುದಕ್ಕೆ ನನ್ನ ಅಳತೆ ಇದು. ಹತ್ತಿರದ ಕ್ಲಿನಿಕ್‌ನಲ್ಲಿ ಎರಡು ದರ ಕೇಳಿ: ಮೂರು ದಿನ ಡ್ರಿಪ್ ಹಾಕಿ ದಾಖಲು ಮಾಡಿಕೊಂಡರೆ ಎಷ್ಟು, ಹೊಟ್ಟೆಯ ಒಂದು ಆಪರೇಷನ್‌ಗೆ ಎಷ್ಟು. ಎರಡನ್ನೂ ಕೂಡಿಸಿದರೆ ಅದೇ ಗುರಿ. 24 ಕಂತು ಮಾಡಿ ತಿಂಗಳ ಲೆಕ್ಕಕ್ಕೆ ಸೇರಿಸಿ, ಬೇರೆ ಖಾತೆಯಲ್ಲಿಡಿ. ವಿಮೆ ಮಾಡಿಸುವುದಾದರೆ ಪ್ರಾಣಿ ಚಿಕ್ಕದಿದ್ದಾಗಲೇ ಮಾಡಿಸಿ. ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ, ಶುರುವಿನಲ್ಲಿ ಕಾಯುವ ಅವಧಿಯೂ ಇರುತ್ತದೆ.

6. ಮೂರು ತಿಂಗಳ ರಿಹರ್ಸಲ್

ಎಲ್ಲ ಕೂಡಿಸಿ ಬಂದ ತಿಂಗಳ ಮೊತ್ತವನ್ನು, ಮರಿ ತರುವ ಮುಂಚೆಯೇ ಮೂರು ತಿಂಗಳು ತೆಗೆದಿಟ್ಟು ನೋಡಿ. ಮನೆ ಖರ್ಚು ಎಳೆದಾಡದೆ ನಡೆಯಿತಾ? ಹಾಗಾದರೆ ಕೂಡಿದ ದುಡ್ಡು ಲಸಿಕೆಗಾಯಿತು. ಎಳೆದಾಡಿತು ಅಂದರೆ ಮೊದಲು ಆಟಿಕೆ, ಬಟ್ಟೆ, ಬಿಸ್ಕತ್ತಿಗೆ ಕತ್ತರಿ ಹಾಕಿ. ಲಸಿಕೆಗೆ, ತುರ್ತು ನಿಧಿಗೆ ಕೈ ಹಾಕಬೇಡಿ. ಆಗಲೂ ಸಾಲದಿದ್ದರೆ ಒಂದನೇ ಹೆಜ್ಜೆಗೆ ಹೋಗಿ, ತೂಕದ ಅಂಕಿ ಕಡಿಮೆ ಮಾಡಿ ನೋಡಿ.