ಹುಣಸೆ ಮರ ಆರಿಸುವುದು ಹೇಗೆ? ಕಾಯಿಯ ಉದ್ದ ಬಿಡಿ, ತಿರುಳು ತೂಗಿ

ಹಿರಿಯೂರು, ಚಳ್ಳಕೆರೆ ಕಡೆಯ ಹೊಲದ ಬದುಗಳಲ್ಲಿ ಒಂದೊಂದು ಹುಣಸೆ ಮರದ ಹಣ್ಣೂ ಒಂದೊಂದು ತರಹ. ಬೀಜದಿಂದ ಹುಟ್ಟಿದ ಮರಗಳು ಅಲ್ವಾ? ಅವುಗಳಲ್ಲಿ ಒಳ್ಳೆಯದನ್ನು ಹುಡುಕಿ ಕಸಿ ಮಾಡಲು ಹೊರಟವರು ಉದ್ದನೆಯ ಕಾಯಿ ಕಂಡ ಕೂಡಲೇ ಮರಕ್ಕೆ ಗುರುತು ಹಾಕಿಬಿಡುತ್ತಾರೆ. ಒಡೆದು ನೋಡಿದರೆ ಬೀಜ, ನಾರೇ ಜಾಸ್ತಿ.

ಮೊದಲು, ವರ್ಷಾ ವರ್ಷ ತಪ್ಪದೆ ಬಿಡುವ ಮರ ಯಾವುದೆಂದು ಹೊಲದವರನ್ನೂ ಹಣ್ಣು ಗುತ್ತಿಗೆ ಹಿಡಿಯುವವರನ್ನೂ ಕೇಳಿ. ಒಂದು ವರ್ಷ ತುಂಬಿ ಬಿಟ್ಟು ಮರುವರ್ಷ ಕೈಕೊಡುವುದು ಹುಣಸೆಗೆ ಮಾಮೂಲು. ತಿಪ್ಪೆ ಪಕ್ಕದ, ಹಳ್ಳದ ದಂಡೆಯ ಮರ ನೋಡಿ ಮರುಳಾಗಬೇಡಿ. ಅಲ್ಲಿ ಗೊಬ್ಬರ, ನೀರಿನದೇ ಕೆಲಸ ಜಾಸ್ತಿ. ಅದೇ ಮಣ್ಣಿನ ಅಕ್ಕಪಕ್ಕದ ಮರಗಳಿಗಿಂತ ಚೆನ್ನಾಗಿರುವ ಮರ ಬೇಕು.

ಎಲ್ಲರೂ ಎಡವುವುದು ಕಾಯಿ ಕೀಳುವಾಗ. ಓಡು ಒಣಗಿ, ಒತ್ತಿದರೆ ಪಟ್ಟನೆ ಒಡೆಯುವ ಹದ ಬರಲಿ. ಕೈಗೆಟಕುವ ಒಂದೇ ಕೊಂಬೆಯಿಂದ ತುಂಬಿಕೊಳ್ಳಬೇಡಿ. ನಾಲ್ಕೂ ದಿಕ್ಕಿನಿಂದ, ಮೇಲಿನ ಕೊಂಬೆ, ಕೆಳಗಿನ ಕೊಂಬೆ ಸೇರಿಸಿ 25 ಕಾಯಿ ಕೀಳಿ. ದಪ್ಪನೆಯವನ್ನೇ ಆರಿಸಬೇಡಿ, ಸಿಕ್ಕಿದ್ದು ಸಿಕ್ಕ ಹಾಗೆ. ನೆಲಕ್ಕೆ ಬಿದ್ದದ್ದು ಬೇಡವೇ ಬೇಡ, ಹುಳು ಹಿಡಿದಿರುತ್ತದೆ.

ಇಡೀ ಕಾಯಿ ತೂಗಿ ಬರೆದುಕೊಳ್ಳಿ. ಆಮೇಲೆ ಓಡು, ನಾರು, ಬೀಜ, ತಿರುಳು ನಾಲ್ಕು ಗುಡ್ಡೆ ಮಾಡಿ. ಬೀಜಕ್ಕೆ ಅಂಟಿದ ತಿರುಳನ್ನೂ ಚಾಕುವಿನಲ್ಲಿ ಕೆರೆದು ತೆಗೆಯಿರಿ. ಕೈ ಅಂಟುತ್ತದೆಂದು ನೀರು ಮುಟ್ಟಿಸಿದರೆ ತೂಕ ಕೆಟ್ಟಿತು. 400 ಗ್ರಾಂ ಕಾಯಿಗೆ 160 ಗ್ರಾಂ ತಿರುಳು ಬಂದರೆ ಶೇ 40. ತಮಿಳುನಾಡಿನ ಪೆರಿಯಕುಳಂನಲ್ಲಿ ಆರಿಸಿದ ಪಿಕೆಎಂ-1 ತಳಿಯಲ್ಲಿ ತಿರುಳು ಸುಮಾರು ಶೇ 39. ಸ್ಪ್ರಿಂಗ್ ತಕ್ಕಡಿ ಈ ಕೆಲಸಕ್ಕೆ ಸುಮ್ನೆ ದಂಡ. ಒಂದು ಗ್ರಾಂ ತೋರಿಸುವ ಅಡುಗೆಮನೆ ಡಿಜಿಟಲ್ ತಕ್ಕಡಿ ಸಾಕು. ಎಲ್ಲ ಮರಗಳ ಕಾಯಿಯನ್ನೂ ಒಂದೇ ದಿನ ತೂಗಿ, ಒಣಗಿದಷ್ಟೂ ಲೆಕ್ಕ ಬದಲಾಗುತ್ತದೆ.

ಹುಳಿ, ಬಣ್ಣ ನಾಲಿಗೆ, ಕಣ್ಣಿಗೇ ಗೊತ್ತಾಗುತ್ತದೆ. ಇದನ್ನೆಲ್ಲ ಮೂರು ಸುಗ್ಗಿ ಮಾಡಿ. ಒಂದೇ ವರ್ಷದ ಲೆಕ್ಕ ನಂಬಿ ಕಸಿಗೆ ಕೈಹಾಕುವುದು ಬೇಡ.

ಮರ ಗೊತ್ತಾದ ಮೇಲೆ ಅದರ ಬೀಜ ಬಿತ್ತಬೇಡಿ. ಹುಣಸೆಯಲ್ಲಿ ಪರಕೀಯ ಪರಾಗಸ್ಪರ್ಶ, ಅಂದರೆ ಬೇರೆ ಮರದ ಪರಾಗದಿಂದ ಕಾಯಿ ಕಟ್ಟುವುದು ಜಾಸ್ತಿ, ಮರಿ ತಾಯಿಯಂತಿರುವುದಿಲ್ಲ. ಆ ಮರದ ಕಡ್ಡಿಯನ್ನೇ ಎಳೆಯ ಸಸಿಗೆ ಕಸಿ ಕಟ್ಟಿಸಿ. ಬೀಜದ ಗಿಡಕ್ಕಿಂತ ವರ್ಷಗಟ್ಟಲೆ ಮೊದಲೇ ಕಾಯಿ ಬಿಡುತ್ತದೆ. ಕಸಿ ಗಿಡವೆಂದು ಬೀಜದ ಸಸಿ ಮಾರುವವರೂ ಇದ್ದಾರೆ. ದುಡ್ಡು ಕೊಡುವ ಮೊದಲು ಕಾಂಡದಲ್ಲಿ ಕಸಿ ಕೂಡಿದ ಗಂಟು ಇದೆಯೇ ಮುಟ್ಟಿ ನೋಡಿ.