ಷಿಕಾಗೋದ ಡಿಸೆಂಬರ್ ರಜೆ: ಮಲೆನಾಡಿನಿಂದ ಬರುವ ಕುಟುಂಬಗಳಿಗೆ

ನಾನು ಊರಿಗೆ ಬಂದಾಗಲೆಲ್ಲ, ಷಿಕಾಗೋಗೆ ಹೊರಟು ನಿಂತ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ತಂದೆತಾಯಿಗಳು ಕೇಳುವುದು ಒಂದೇ ಮಾತು: ಡಿಸೆಂಬರ್ ಕೊನೆಗೆ ಶಾಲೆಗೆ ಸುಮಾರು ಎರಡು ವಾರ ರಜೆ, ಹೊರಗೆ ಹಿಮ, ಬೇಗನೆ ಕತ್ತಲೆ, ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ಊರಲ್ಲಿ ಅಡಿಕೆ ಕೊಯ್ಲಿನ ಸಡಗರ, ಎಳ್ಳಮಾವಾಸ್ಯೆ ಜಾತ್ರೆಯ ನಿರೀಕ್ಷೆ ಇರುವ ದಿನಗಳಲ್ಲಿ ಅಲ್ಲಿ ನಾಲ್ಕು ಗೋಡೆಗಳ ನಡುವೆ ಕೂತ ಮಗುವಿಗೆ ಬೇಸರವಾಗುವುದು ಸಹಜ. ಹಾಗೆ ಕೂರುವ ಅಗತ್ಯವೇ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆ ತಿಂಗಳಲ್ಲಿ ಷಿಕಾಗೋದ ಸೂರ್ಯ ಸಂಜೆ 4.20ರ ಸುಮಾರಿಗೇ ಮುಳುಗುತ್ತಾನೆ. ಹೊಸಬರ ಮನಸ್ಸನ್ನು ಇದು ಕುಗ್ಗಿಸುತ್ತದೆಯಾದರೂ ಚಿಕ್ಕ ಮಕ್ಕಳಿರುವವರಿಗೆ ಇದೊಂದು ದೊಡ್ಡ ಅನುಕೂಲ, ಏಕೆಂದರೆ ಐದು ಗಂಟೆಗೆಲ್ಲ ನಗರದ ದೀಪಾಲಂಕಾರವನ್ನು ಕಣ್ತುಂಬ ನೋಡಿ, ರಾತ್ರಿಯ ಊಟದ ಹೊತ್ತಿಗೆ ಮನೆ ಸೇರಬಹುದು. ಹೊರಗೆ ಒಂದು ಗಂಟೆಗಿಂತ ಹೆಚ್ಚು ನಿಲ್ಲಬೇಡಿ. ಪ್ರತಿ ಸುತ್ತಾಟಕ್ಕೂ ಒಂದು ಬೆಚ್ಚಗಿನ ತಾಣವನ್ನು ಜೋಡಿಸಿಕೊಳ್ಳಿ. ಇಲ್ಲಿಂದ ಒಯ್ಯುವ ಸ್ವೆಟರ್, ಮಂಕಿ ಟೋಪಿಗಳು ಮಿಷಿಗನ್ ಸರೋವರದ ಗಾಳಿಗೆ ಸಾಲುವುದಿಲ್ಲ. ಒಳಗೆ ಥರ್ಮಲ್, ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತೂರದ ಕೋಟು ಬೇಕು. ಕೋಟು ಮತ್ತು ಬೂಟುಗಳನ್ನು ಅಲ್ಲಿಯೇ ಕೊಳ್ಳುವುದು ಒಳ್ಳೆಯದು. ಮಕ್ಕಳು ಅಳುವುದು ಹೆಚ್ಚಾಗಿ ಒದ್ದೆ ಕಾಲುಚೀಲದಿಂದ, ಆದ್ದರಿಂದ ಚೀಲದಲ್ಲಿ ಇನ್ನೊಂದು ಜೊತೆ ಇರಲಿ.

ಮೊದಲ ಸಂಜೆಗೆ ನಗರದ ನಡುಭಾಗವೇ ಸರಿ. ಸ್ಟೇಟ್ ಸ್ಟ್ರೀಟಿನ ಮೇಸೀಸ್ ಅಂಗಡಿಯ ಅಲಂಕೃತ ಕಿಟಕಿಗಳನ್ನು ನೋಡಲು ಹಣ ಬೇಡ. ಅಲ್ಲಿಂದ ಹತ್ತಿರದಲ್ಲೇ ಡೇಲಿ ಪ್ಲಾಜಾದಲ್ಲಿ, ಜರ್ಮನಿಯ ನ್ಯೂರೆಂಬರ್ಗ್ ಸಂತೆಯ ಮಾದರಿಯಲ್ಲಿ 1996ರಲ್ಲಿ ಆರಂಭವಾದ ಕ್ರಿಸ್ಟ್‌ಕಿಂಡಲ್‌ಮಾರ್ಕೆಟ್ ಎಂಬ ಕ್ರಿಸ್‌ಮಸ್ ಸಂತೆ ನಡೆಯುತ್ತದೆ. ಪ್ರವೇಶಕ್ಕೆ ಶುಲ್ಕವಿಲ್ಲ, ಆದರೆ ವಾರಾಂತ್ಯದ ಸಂಜೆ ತಳ್ಳುಗಾಡಿಯಲ್ಲಿ ಮಗುವನ್ನು ಕೂರಿಸಿಕೊಂಡು ಒಳಹೋಗುವುದು ಕಷ್ಟವಾದ್ದರಿಂದ ವಾರದ ನಡುವೆ ಹೋಗಿ. ಸಸ್ಯಾಹಾರಿಗಳಿಗೆ ಹುರಿದ ಬಾದಾಮಿ, ಪ್ರೆಟ್ಜೆಲ್ ಸಿಗುತ್ತವೆ. ಆಲೂಗಡ್ಡೆಯ ಪ್ಯಾನ್‌ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಕೇಳಿಕೊಳ್ಳಿ. ಬಿಸಿ ಚಾಕೊಲೇಟಿನ ಮೇಲೆ ತೇಲಿಸುವ ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ ಇರುತ್ತದೆ, ಬೇಡವಾದವರು ಮೊದಲೇ ಹೇಳಬೇಕು.

ಹತ್ತಿರದ ಕಲಾ ಸಂಗ್ರಹಾಲಯವಾದ ಆರ್ಟ್ ಇನ್‌ಸ್ಟಿಟ್ಯೂಟಿನ ಬಾಗಿಲಲ್ಲಿರುವ ಎರಡು ಕಂಚಿನ ಸಿಂಹಗಳಿಗೆ ಈ ಕಾಲದಲ್ಲಿ ಕೊರಳಿಗೆ ಹಸಿರು ಮಾಲೆ ಹಾಕಿರುತ್ತಾರೆ. ತ್ಯಾವರೆಕೊಪ್ಪದಲ್ಲಿ ಜೀವಂತ ಸಿಂಹಗಳನ್ನು ಕಂಡ ಮಕ್ಕಳು ಇವನ್ನೂ ಪ್ರೀತಿಯಿಂದ ನೋಡುತ್ತಾರೆ. 1893ರಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದ್ದು ಇದೇ ಕಟ್ಟಡದಲ್ಲಿ ಎಂಬುದನ್ನು ಅಲ್ಲಿಯೇ ನಿಂತು ಅವರಿಗೆ ಹೇಳಿ.

ಗಾರ್ಫೀಲ್ಡ್ ಪಾರ್ಕ್ ಕನ್ಸರ್ವೇಟರಿಯನ್ನು ಮಾತ್ರ ಮಲೆನಾಡಿನವರು ಯಾವ ಕಾರಣಕ್ಕೂ ಬಿಡಬಾರದು. 1908ರಲ್ಲಿ ಸಾರ್ವಜನಿಕರಿಗೆ ತೆರೆದ ಈ ಗಾಜಿನ ತೋಟದ ಬಾಗಿಲು ದಾಟಿದೊಡನೆ ಕನ್ನಡಕ ಮಂಜಾಗುತ್ತದೆ, ಕೋಟು ಭಾರವೆನಿಸುತ್ತದೆ, ಒದ್ದೆ ಮಣ್ಣಿನ ವಾಸನೆ ಮೂಗಿಗೆ ಬಡಿಯುತ್ತದೆ. ಉದ್ಯಾನ ವಿನ್ಯಾಸಕಾರ ಜೆನ್ಸ್ ಜೆನ್ಸೆನ್ ರೂಪಿಸಿದ ಜರಿಗಿಡಗಳ ಕೋಣೆಯಲ್ಲಿ ಪದರಪದರವಾಗಿ ಜೋಡಿಸಿದ ಬಂಡೆಗಳ ನಡುವೆ ನೀರು ಹರಿದು ಕೊಳ ಸೇರುತ್ತದೆ. ಸುತ್ತ ಜರಿಗಿಡ, ಪಾಚಿ. ಆಗುಂಬೆಯ ದಾರಿಬದಿಯಲ್ಲಿ ಮಳೆಗಾಲ ಕಳೆದವರಿಗೆ ಪರಿಚಯ ಬೇಕಾಗದ ಜಗತ್ತು ಅದು. ಇನ್ನೊಂದು ಕೋಣೆಯಲ್ಲಿ ಬಾಳೆ, ಕಬ್ಬು ಬೆಳೆದಿವೆ, ಮಕ್ಕಳಿಗೆ ಆಡಲು ಪ್ರತ್ಯೇಕ ಕೋಣೆಯೂ ಇದೆ. ಊರಿನಿಂದ ಬಂದ ಅಜ್ಜ ಅಜ್ಜಿಯರು ಚಳಿಗೆ ಹೆದರಿ ಹೊರಗೆ ಕಾಲಿಡದಿದ್ದರೆ ಅವರನ್ನು ಮೊದಲು ಇಲ್ಲಿಗೇ ಕರೆತನ್ನಿ. ಗಿಡಗಳ ಹೆಸರನ್ನು ಮೊಮ್ಮಕ್ಕಳಿಗೆ ಕನ್ನಡದಲ್ಲಿ ಹೇಳುತ್ತಾ ಅವರು ಹೊತ್ತು ಮರೆಯುತ್ತಾರೆ. ನಗರದ ನಿವಾಸಿಗಳಿಗೆ ಪ್ರವೇಶ ಉಚಿತ; ಗ್ರೀನ್ ಲೈನ್ ರೈಲಿನ ನಿಲ್ದಾಣ ಎದುರಿಗೇ ಇದೆ.

ರೈಲಿನ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ನಗರ ಸಾರಿಗೆಯವರು 1992ರಿಂದ ದೀಪಗಳಿಂದ ಸಿಂಗರಿಸಿದ ಹಾಲಿಡೇ ಟ್ರೇನ್ ಓಡಿಸುತ್ತಿದ್ದಾರೆ. ತೆರೆದ ಗಾಡಿಯೊಂದರಲ್ಲಿ ಸಾಂತಾ ಕೈಬೀಸುತ್ತಾ ಸಾಗುತ್ತಾನೆ. ಟಿಕೆಟ್ ದರ ಎಂದಿನದೇ, ದೊಡ್ಡವರ ಜೊತೆಗಿರುವ 7 ವರ್ಷದೊಳಗಿನ ಮಕ್ಕಳಿಗೆ ಉಚಿತ. ವೇಳಾಪಟ್ಟಿಯನ್ನು ಮೊದಲೇ ಪ್ರಕಟಿಸುತ್ತಾರೆ. ಕಾಯುವಾಗ ಪ್ಲಾಟ್‌ಫಾರ್ಮಿನಲ್ಲಿ ತಲೆಯ ಮೇಲೆ ಹೀಟರ್ ಇರುವ ಜಾಗ ಹುಡುಕಿ ನಿಲ್ಲಿ. ಗುಂಡಿ ಒತ್ತಿದರೆ ಅದು ಹೊತ್ತಿಕೊಳ್ಳುತ್ತದೆ.

ಗ್ರಿಫಿನ್ ವಿಜ್ಞಾನ ಮತ್ತು ಕೈಗಾರಿಕಾ ವಸ್ತುಸಂಗ್ರಹಾಲಯದಲ್ಲಿ ನಾನಾ ದೇಶಗಳ ಸಮುದಾಯಗಳು ಸಿಂಗರಿಸುವ ಕ್ರಿಸ್‌ಮಸ್ ಮರಗಳ ಪ್ರದರ್ಶನ 1942ರಲ್ಲಿ ಒಂದೇ ಮರದಿಂದ ಶುರುವಾದದ್ದು. ಟಿಕೆಟ್ ದುಬಾರಿ, ಆದರೆ ಷಿಕಾಗೋ ಇರುವ ಇಲಿನಾಯ್ ರಾಜ್ಯದ ನಿವಾಸಿಗಳಿಗೆ ಉಚಿತ ದಿನಗಳಿವೆ. ವಿಳಾಸದ ದಾಖಲೆ ಒಯ್ಯಿರಿ. ಬಂದ ಮೊದಲ ವಾರದಲ್ಲೇ ಸಾರ್ವಜನಿಕ ಗ್ರಂಥಾಲಯದ ಕಾರ್ಡ್ ಮಾಡಿಸಿಕೊಳ್ಳಿ.

ಡಿಸೆಂಬರ್ 25ರಂದು ಬಹುತೇಕ ಎಲ್ಲವೂ ಮುಚ್ಚಿರುತ್ತದೆ. ಆ ದಿನಕ್ಕೆ ಲಿಂಕನ್ ಪಾರ್ಕ್ ಮೃಗಾಲಯವಿದೆ; ವರ್ಷದ 365 ದಿನವೂ ಅಲ್ಲಿ ಪ್ರವೇಶ ಉಚಿತ. ಹೊಸ ವರ್ಷದ ದಿನ ಲೆಮಾಂಟ್‌ನ ಹಿಂದೂ ದೇವಾಲಯಕ್ಕೆ ನಮ್ಮವರು ಬಹಳ ಮಂದಿ ಹೋಗುತ್ತಾರೆ. ಅದು ನಗರದಿಂದ ದೂರ, ಕಾರು ಬೇಕು. ಇನ್ನೂ ಕಾರು ಕೊಳ್ಳದವರು ಅಲ್ಲಿನ ಕನ್ನಡಿಗರ ಸಂಘವಾದ ವಿದ್ಯಾರಣ್ಯ ಕನ್ನಡ ಕೂಟದ ಪರಿಚಯಸ್ಥರಲ್ಲಿ ಸಂಕೋಚವಿಲ್ಲದೆ ಕೇಳಿ. ಮಕ್ಕಳ ಕಾರ್ ಸೀಟನ್ನು ಮಾತ್ರ ನೀವೇ ತೆಗೆದುಕೊಂಡು ಹೋಗಬೇಕು.